ಗಾಲಿ ಮೇಲೆ ಕಲಿತದ್ದು ಬರ್ಫದ ಮೇಲೆ ನಡೀತದೇನ್ರಿ?

ಪ್ರಶ್ನೆ: ಸರ್, ನಮ್ಮ ಮಗಳಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಗಾಲಿ ಸ್ಕೇಟಿಂಗ್ ಕಲೀಲಿಕತ್ತಾಳ. ಮೊಬೈಲ್‌ನ್ಯಾಗ ಯೂತ್ ಒಲಿಂಪಿಕ್ಸ್ ವಿಡಿಯೊ ನೋಡಿ, 'ಪಪ್ಪಾ, ನಾನೂ ಬರ್ಫದ ಮ್ಯಾಲ ಹೀಂಗ ಓಡಬೇಕು' ಅಂತ ಗಂಟು ಬಿದ್ದಾಳ. ನಮ್ಮ ಕಲಬುರಗ್ಯಾಗ ಬರ್ಫ ಅಂದ್ರ ಕಬ್ಬಿನಹಾಲಿನ ಗ್ಲಾಸಿನ್ಯಾಗ ಇರೋದಷ್ಟೇ. ಇಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕ ಬರ್ತದೇನ್ರಿ?

ಉತ್ತರ: ಬರ್ತದ್ರಿ. ಸ್ಕೇಟಿಂಗ್ ಕಲಿಯುವ ಮಕ್ಕಳ ತಂದೆ-ತಾಯಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ('ಮಂಜುಗಡ್ಡೆ' ಎಂದು ಬರೆದರೆ ನನಗೆ ವಿಜ್ಞಾನದ ಪರೀಕ್ಷೆ ನೆನಪಾಗುತ್ತದೆ, ಹಾಗಾಗಿ ನಿಮ್ಮ ಹಾಗೆ ನಾನೂ ಬರ್ಫ ಎಂದೇ ಬರೆಯುತ್ತೇನೆ.)

ಮೊದಲು ಕೊಲಂಬಿಯಾದ ಕಥೆ ಕೇಳಿ. ಭೂಮಧ್ಯರೇಖೆ ಹಾಯ್ದು ಹೋಗುವ ದೇಶ ಅದು. ಅಲ್ಲಿಯ ಮಕ್ಕಳು ಗಾಲಿ ಸ್ಕೇಟಿಂಗ್‌ನಲ್ಲಿ ಜಗತ್ತಿಗೇ ಮುಂದು. 2020ರ ಲೋಸಾನ್ ಚಳಿಗಾಲದ ಯೂತ್ ಒಲಿಂಪಿಕ್ಸ್‌ನ ಸ್ಪೀಡ್ ಸ್ಕೇಟಿಂಗ್ ನಡೆದದ್ದು ಸ್ವಿಟ್ಜರ್ಲೆಂಡ್‌ನ ಸೇಂಟ್ ಮೊರಿಟ್ಸ್‌ನಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ. ನಮ್ಮ ಕಲಬುರಗಿಯ ಅಪ್ಪನ ಕೆರೆ ಒಂದು ರಾತ್ರಿಯಲ್ಲಿ ಕಲ್ಲಾದಂತೆ ಊಹಿಸಿಕೊಳ್ಳಿ! ಅಲ್ಲಿ ಗಾಲಿಯಿಂದ ಬಂದ ಕೊಲಂಬಿಯಾದ ಹುಡುಗ ಡಿಯೆಗೊ ಅಮಾಯಾ ಎಲ್ಲರೂ ಒಟ್ಟಿಗೆ ಹೊರಡುವ 'ಮಾಸ್ ಸ್ಟಾರ್ಟ್' ಓಟದಲ್ಲಿ ಬೆಳ್ಳಿ ಗೆದ್ದ. ಅಮೆರಿಕದ ಎರಿನ್ ಜಾಕ್ಸನ್ ಬಿಸಿಲಿನ ಫ್ಲೋರಿಡಾದವಳು. ಗಾಲಿ ಬಿಟ್ಟು ಬರ್ಫಕ್ಕೆ ಇಳಿದ ಕೆಲವೇ ತಿಂಗಳಲ್ಲಿ 2018ರ ಒಲಿಂಪಿಕ್ಸ್‌ಗೆ ಆಯ್ಕೆಯಾದಳು, 2022ರಲ್ಲಿ ಬೀಜಿಂಗ್‌ನಲ್ಲಿ 500 ಮೀಟರ್ ಚಿನ್ನ ತಂದಳು.

ಇದು ಹ್ಯಾಂಗ ಸಾಧ್ಯ? ಎಲ್ಲಾ ಕಾಲಿನ ಲೆಕ್ಕ. ಓಡುವವರು ನೆಲವನ್ನು ಹಿಂದಕ್ಕೆ ಒದೆಯುತ್ತಾರೆ. ಸ್ಕೇಟ್ ಮಾಡುವವರು ಹಾಗೆ ಒದ್ದರೆ ಕಾಲು ಜಾರಿ ಬೀಳುತ್ತಾರೆ, ಯಾಕೆಂದರೆ ಗಾಲಿಯೂ ಬ್ಲೇಡೂ ಹಿಂದೆ-ಮುಂದೆ ಸಲೀಸಾಗಿ ಹೋಗುತ್ತವೆ, ಅಡ್ಡಕ್ಕೆ ಮಾತ್ರ ಹಿಡಿತ ಕೊಡುತ್ತವೆ. ಅದಕ್ಕೇ ಪಕ್ಕಕ್ಕೆ ಒದೆಯಬೇಕು. ಸೊಂಟ ಬಗ್ಗಿಸಿ, ಮೊಣಕಾಲು ಮಡಿಸಿ ಕೂತಂತೆ ಸಾಗುವುದು, ತಿರುವಿನಲ್ಲಿ ಎಡಕ್ಕೆ ವಾಲಿ ಬಲಗಾಲನ್ನು ಎಡಗಾಲಿನ ಮೇಲಿಂದ ದಾಟಿಸುವುದು, ಒಂದೇ ಕಾಲಿನ ಮೇಲೆ ಬಹಳ ಹೊತ್ತು ತೂಕ ಹಿಡಿಯುವುದು, ಇಷ್ಟೂ ಎರಡರಲ್ಲೂ ಒಂದೇ. ಸುತ್ತುವ ದಿಕ್ಕೂ ಒಂದೇ, ಗಡಿಯಾರದ ಮುಳ್ಳಿಗೆ ಎದುರು. ನಿಮ್ಮ ಮಗಳ ತೊಡೆಗಳು ಎರಡು ವರ್ಷದಿಂದ ಕಲಿತದ್ದು ಇದನ್ನೇ.

ಹೊಸದಾಗಿ ಕಲಿಯುವುದೂ ಇದೆ. ಬರ್ಫದ ಸ್ಕೇಟ್‌ನ ಬ್ಲೇಡು ನಲವತ್ತು ಸೆಂಟಿಮೀಟರ್ ಆಸುಪಾಸು ಉದ್ದ, ದಪ್ಪ ಮಾತ್ರ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು. ಗಾಲಿ ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ, ಬ್ಲೇಡು ನುಂಗುವುದಿಲ್ಲ. ಪಾದ ತುಸು ಒಳಗೆ ವಾಲಿದರೂ ಅದು ಬೇರೆ ಕಡೆಗೇ ಎಳೆದುಕೊಂಡು ಹೋಗುತ್ತದೆ. ಇನ್ನೊಂದು, ಕ್ಲ್ಯಾಪ್ ಸ್ಕೇಟ್. ಇದರಲ್ಲಿ ಬ್ಲೇಡು ಬೂಟಿನ ಮುಂಭಾಗಕ್ಕೆ ಮಾತ್ರ, ಬಾಗಿಲಿನ ಕೀಲಿನ ಹಾಗೆ ಅಂಟಿಕೊಂಡಿರುತ್ತದೆ. ಹಿಮ್ಮಡಿ ಮೇಲೆದ್ದರೂ ಬ್ಲೇಡು ಇನ್ನೂ ಬರ್ಫವನ್ನು ಬಿಟ್ಟಿರುವುದಿಲ್ಲ, ಒದೆತ ಕಡೆಯತನಕ ಸಿಗುತ್ತದೆ. ಕಾಲೆತ್ತಿದಾಗ ಸ್ಪ್ರಿಂಗ್ ಎಳೆದು 'ಟಪ್' ಎಂದು ಸದ್ದು ಮಾಡಿ ಸೇರಿಕೊಳ್ಳುತ್ತದೆ. ಡಚ್ಚರು ಬೆಳೆಸಿದ ಈ ಸ್ಕೇಟು 1998ರ ನಗಾನೊ ಒಲಿಂಪಿಕ್ಸ್ ಹೊತ್ತಿಗೆ ಎಷ್ಟೋ ಹಳೆಯ ದಾಖಲೆಗಳನ್ನು ಗುಡಿಸಿಹಾಕಿತ್ತು.

ವಿಡಿಯೊದಲ್ಲಿ ಇಬ್ಬರೇ ಓಡುವುದನ್ನು ಕಂಡಿದ್ದೀರಿ ಅನಿಸುತ್ತದೆ. ಅದು 400 ಮೀಟರ್ ಸುತ್ತಿನ ಲಾಂಗ್ ಟ್ರ್ಯಾಕ್. ಇಬ್ಬರಿಗೂ ದೂರ ಸಮ ಆಗಬೇಕೆಂದು ಪ್ರತಿ ಸುತ್ತಿಗೆ ಒಳಗಿನವರು ಹೊರಗೆ, ಹೊರಗಿನವರು ಒಳಗೆ ಬರುತ್ತಾರೆ. ದಾಟುವಾಗ ಢಿಕ್ಕಿ ಆಗುವಂತಿದ್ದರೆ ಹೊರಗಿನಿಂದ ಬರುವವರಿಗೆ ದಾರಿ ಬಿಡಬೇಕು. ಪಕ್ಕದವರನ್ನು ಸೋಲಿಸಿದರೆ ಸಾಲದು, ಎಲ್ಲ ಜೋಡಿಗಳ ಟೈಮ್ ನೋಡಿ ಪದಕ. 2024ರಲ್ಲಿ ದಕ್ಷಿಣ ಕೊರಿಯಾದ ಗ್ಯಾಂಗ್ವನ್‌ನಲ್ಲಿ ನಡೆದ ಯೂತ್ ಒಲಿಂಪಿಕ್ಸ್‌ನಲ್ಲಿ 500, 1500 ಮೀಟರ್ ಜೊತೆ ಮಾಸ್ ಸ್ಟಾರ್ಟ್ ಮತ್ತು ಹುಡುಗ-ಹುಡುಗಿ ಸೇರಿ ಓಡುವ ರಿಲೇ ಇದ್ದವು. ಮಾಸ್ ಸ್ಟಾರ್ಟ್‌ನಲ್ಲಿ ಎಲ್ಲರೂ ಗುಂಪಾಗಿ ಹೊರಡುತ್ತಾರೆ. ಒಬ್ಬರ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಕಾದಿದ್ದು, ಕಡೆಗೆ ಮುನ್ನುಗ್ಗುವ ಆಟ. ಗಾಲಿ ಮಕ್ಕಳಿಗೆ ಇದು ಹೊಸದೇ ಅಲ್ಲ. ಬೆಲ್ಜಿಯಮ್‌ನ ಬಾರ್ಟ್ ಸ್ವಿಂಗ್ಸ್ ಕೂಡ ಗಾಲಿಯಿಂದಲೇ ಬಂದು 2022ರಲ್ಲಿ ಇದೇ ಓಟದ ಚಿನ್ನ ಗೆದ್ದರು.

ಇನ್ನು ಕಹಿ ಮಾತು. 400 ಮೀಟರ್‌ನ ಕೃತಕ ಬರ್ಫದ ಓವಲ್ (ಮೊಟ್ಟೆಯಾಕಾರದ ಟ್ರ್ಯಾಕ್) ನಮ್ಮ ದೇಶದಲ್ಲಿಲ್ಲ. ಇರುವುದು ಡೆಹರಾಡೂನಿನ ಒಳಾಂಗಣ ರಿಂಕ್, ಲೇಹ್ ಮತ್ತು ಶಿಮ್ಲಾದ ಚಳಿಗಾಲದ ರಿಂಕ್‌ಗಳು. ಅಲ್ಲಿ ಸಾಧ್ಯವಾಗುವುದು ಶಾರ್ಟ್ ಟ್ರ್ಯಾಕ್, ಒಂದು ಸುತ್ತು 111.12 ಮೀಟರ್. ಅದೂ ಯೂತ್ ಒಲಿಂಪಿಕ್ಸ್‌ನಲ್ಲಿದೆ, ನಿಮ್ಮ ಮಗಳಿಗೆ ಮೊದಲ ಗುರಿ ಅದೇ ಆಗಲಿ ಎಂಬುದು ನನ್ನ ಅಭಿಪ್ರಾಯ. ಕರ್ನಾಟಕದ ಮಕ್ಕಳು ಈ ದಾರಿಯಲ್ಲಿ ಆಗಲೇ ನಡೆದಿದ್ದಾರೆ: 2024ರ ಖೇಲೊ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸೇನಾ ತಂಡದ ನಂತರ ಎರಡನೇ ಸ್ಥಾನ ನಮ್ಮ ರಾಜ್ಯದ್ದು, ಅದರಲ್ಲಿ ಲೇಹ್‌ನ ಬರ್ಫದ ಮೇಲೆ ಗೆದ್ದ ಚಿನ್ನಗಳೂ ಇದ್ದವು.

ವಯಸ್ಸಿನ ಅವಸರ ಬೇಡ. ಯೂತ್ ಒಲಿಂಪಿಕ್ಸ್ ಸಾಮಾನ್ಯವಾಗಿ 15ರಿಂದ 18 ವರ್ಷದವರಿಗೆ. ಮುಂದಿನದು 2028ರ ಜನವರಿಯಲ್ಲಿ ಇಟಲಿಯಲ್ಲಿ, ಅದು ನಿಮ್ಮ ಕೂಸಿಗೆ ಎಟುಕದು. ಅದರಾಚೆಯದ್ದಕ್ಕೆ ಸರಿಯಾದ ವಯಸ್ಸು ಆಗುತ್ತದೆ. ಅಲ್ಲಿಯವರೆಗೆ ಗಾಲಿ ಬಿಡಿಸಬೇಡಿ. ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಗಾಲಿಯ ಮೇಲೇ ವಿಶ್ವ ಚಾಂಪಿಯನ್ ಆದದ್ದನ್ನು ಅವಳಿಗೆ ತೋರಿಸಿ. ನಾಲ್ಕು ಗಾಲಿ ಎರಡು ಸಾಲಿನಲ್ಲಿರುವ ಸ್ಕೇಟ್ ಇದ್ದರೆ, ಒಂದೇ ಸಾಲಿನ ಇನ್‌ಲೈನ್‌ಗೆ ಈಗಲೇ ಬದಲಿಸಿ. ಬ್ಲೇಡಿಗೆ ಅದೇ ಹತ್ತಿರ.

ಮನೆಯಲ್ಲಿ ಮಾಡುವುದೂ ಒಂದಿದೆ. ಬಡಿಗೇರರಿಗೆ ಹೇಳಿ ಆರು ಅಡಿ ಉದ್ದದ ಪ್ಲೈವುಡ್ ಮೇಲೆ ನುಣುಪು ಸನ್‌ಮೈಕಾ ಹೊಡೆಸಿ, ಎರಡೂ ತುದಿಗೆ ಕಟ್ಟಿಗೆಯ ಅಡ್ಡಪಟ್ಟಿ ಕೂಡಿಸಿ. ಉಣ್ಣೆಯ ಸಾಕ್ಸ್ ಹಾಕಿಕೊಂಡು, ಕೂತ ಭಂಗಿಯಲ್ಲೇ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಜಾರಬೇಕು. ದೊಡ್ಡ ದೊಡ್ಡ ಸ್ಕೇಟರ್‌ಗಳೂ ಬೇಸಿಗೆಯಲ್ಲಿ ಇಂಥದೇ ಜಾರುಹಲಗೆಯ ಮೇಲೆ ಬೆವರು ಸುರಿಸುತ್ತಾರೆ. ಪಾಲಿಶ್ ಮಾಡಿದ ಶಹಾಬಾದ ಪರ್ಸಿ ಮೇಲೆ ಜಾರಿ ಅವ್ವನ ಕೈಲಿ ಬೈಸಿಕೊಂಡ ನಮಗೆಲ್ಲ ಅರ್ಧ ಪಾಠ ಆದಂತೆಯೇ ಲೆಕ್ಕ.

ಮುಂದೆ ಎಂದಾದರೂ ಲೇಹ್‌ನ ಶಿಬಿರಕ್ಕೆ ಕರೆದುಕೊಂಡು ಹೋದರೆ, ಇಳಿದ ದಿನವೇ ಬರ್ಫಕ್ಕೆ ಓಡಲು ಬಿಡಬೇಡಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರ, ಲೇಹ್ 3500. ಮೈ ಆ ಎತ್ತರಕ್ಕೆ ಒಗ್ಗುವ ತನಕ, ಎರಡು ದಿನ ರೂಮಿನಲ್ಲೇ ಕೂಡಿಸಿ, ಬಿಸಿನೀರು ಕುಡಿಸಿ. ಅವಳು ಸಿಟ್ಟಾಗ್ತಾಳ, ಆಗಲಿ ಬಿಡ್ರಿ.