ಒಂದೇ ಎಳೆಯೊಳಗೆ ನಾಲ್ಕು ದಾರಿ

ಉಪ್ಪಳದ ಹತ್ರ ಹೈವೇ ಅಗಲ ಮಾಡುವಾಗ ಜೆಸಿಬಿ ತಾಗಿ ಇಂಟರ್ನೆಟ್ಟಿನ ಫೈಬರ್ ಕೇಬಲ್ ತುಂಡಾದ್ರೆ ನಮ್ಗೆ ಫೋನ್ ಬರ್ತದೆ, ಮಳೆಗೆ ಟರ್ಪಾಲ್ ಕಟ್ಟಿ ಕೂತು ನೀಲಿಗೆ ನೀಲಿ ಕಿತ್ತಳೆಗೆ ಕಿತ್ತಳೆ ಅಂತ ಒಂದೊಂದೇ ಗಾಜಿನ ಎಳೆ ಜೋಡಿಸ್ಬೇಕು, 48 ಎಳೆ ಅಂದ್ರೆ ಅರ್ಧ ದಿನ ಹೋಯ್ತು. ಡೇಟಾ ಸೆಂಟರಿಗೆ ಹಾಕ್ಲಿಕ್ಕೆ ಒಂದೇ ಕೇಬಲಲ್ಲಿ 6912 ಎಳೆ ಇರುವಂಥದ್ದೂ ಉಂಟು! ಎಐ ಬಂದ್ಮೇಲೆ ಅದ್ರ ಲೆಕ್ಕ ಮಾಡುವ ಸಾವಿರಾರು ಜಿಪಿಯು ಚಿಪ್ಪುಗಳು ಒಂದಕ್ಕೊಂದು ಮಾತಾಡ್ಬೇಕು, ನೆಲದಡಿಯ ಪೈಪಲ್ಲಿ ಜಾಗ ಸಾಕಾಗುವುದಿಲ್ಲ.

ಎಳೆಯ ಗಾಜು 125 ಮೈಕ್ರಾನ್ ದಪ್ಪ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಅದ್ರಲ್ಲಿ ಬೆಳಕು ಓಡುವ ಕೋರ್ ಬರೀ 9 ಮೈಕ್ರಾನ್ ಆಸುಪಾಸು. ಉಳಿದ ಜಾಗಕ್ಕೂ ಕೋರ್ ತುಂಬಿಸಿದ್ರೆ ಎಂತ ಅನ್ನುವ ಯೋಚನೆ ಹೊಸತಲ್ಲ, 1979ರಲ್ಲೇ ಜಪಾನಿನ ಫುರುಕಾವಾ ಕಂಪನಿಯವ್ರು ಮಲ್ಟಿಕೋರ್ ಫೈಬರ್, ಅಂದ್ರೆ ಹಲವು ಕೋರಿನ ಎಳೆ, ತೋರಿಸಿದ್ರು. ಆದ್ರೆ ಯಾರಿಗೂ ಬೇಕಾಗ್ಲಿಲ್ಲ, ಯಾಕಂದ್ರೆ ಆಮೇಲೆ ಒಂದೇ ಕೋರಲ್ಲಿ ಬೇರೆಬೇರೆ ಬಣ್ಣದ ಬೆಳಕು ಕಳಿಸುವ ಡಬ್ಲ್ಯುಡಿಎಂ ಬಂತು, ಎಳೆ ಬದ್ಲಿಸದೆ ಎರಡು ತುದಿಯ ಮೆಷಿನ್ ಬದ್ಲಿಸಿದ್ರೆ ಸಾಕು, ಕೆಲಸ ಆಗ್ತಿತ್ತು. ಆದ್ರೆ ಒಂದು ಕೋರಿಗೆ ಸೆಕೆಂಡಿಗೆ ಸುಮಾರು 100 ಟೆರಾಬಿಟ್ ಹತ್ರ ಬಂದಾಗ ಅದಕ್ಕೂ ಮಿತಿ ಕಾಣ್ತು, ಹಳೇ ಯೋಚನೆಗೆ ಜೀವ ಬಂತು. 2012ರಲ್ಲಿ ಜಪಾನಿನ ಟೆಲಿಫೋನ್ ಕಂಪನಿ ಎನ್‌ಟಿಟಿಯವ್ರು ಮತ್ತೆ ಜೊತೆಯವ್ರು 12 ಕೋರಿನ ಎಳೆಯಲ್ಲಿ ಸೆಕೆಂಡಿಗೆ 1 ಪೆಟಾಬಿಟ್, ಅಂದ್ರೆ ಸಾವಿರ ಟೆರಾಬಿಟ್, 52.4 ಕಿಲೋಮೀಟರ್ ದೂರ ಕಳಿಸಿದ್ರು. ಆದ್ರೆ ಅಂಥ ಎಳೆ ದಪ್ಪ, ದಪ್ಪ ಗಾಜು ಬಗ್ಗಿಸಿದ್ರೆ ಮುರಿಯುವ ಹೆದ್ರಿಕೆ ಜಾಸ್ತಿ. ನನ್ನ ಪ್ರಕಾರ ನಿಜವಾದ ತಿರುವು 2022ರದ್ದು, ಜಪಾನಿನ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಸಿಟಿಯವ್ರು ಮಾಮೂಲಿ 125 ಮೈಕ್ರಾನ್ ಎಳೆಯೊಳಗೇ 4 ಕೋರ್ ಇಟ್ಟು ಪೆಟಾಬಿಟ್ ದಾಟಿದ್ರು.

ಕೋರ್ ಹತ್ತಿರ ಆದ್ರೆ ಒಂದರ ಬೆಳಕು ಇನ್ನೊಂದಕ್ಕೆ ಸೋರ್ತದೆ, ಕ್ರಾಸ್‌ಟಾಕ್ ಅಂತಾರೆ. ಅದಕ್ಕೆ ಪ್ರತಿ ಕೋರ್ ಸುತ್ತ ರಿಫ್ರ್ಯಾಕ್ಟಿವ್ ಇಂಡೆಕ್ಸ್ (ಬೆಳಕನ್ನು ಬಗ್ಗಿಸುವ ಗುಣ) ಕಮ್ಮಿ ಇರುವ ಗಾಜಿನ ಬಳೆ ಇಡ್ತಾರೆ, ನಮ್ಮ ಅಡಿಕೆ ತೋಟದಲ್ಲಿ ಸಾಲಿನ ಮಧ್ಯ ಕಣಿ ತೆಗೆದ ಹಾಗೆ. ಡೇಟಾ ಸೆಂಟರಲ್ಲಿ ದೂರವೇ ಕಮ್ಮಿ, ಹಾಗಾಗಿ ಸೋರಿಕೆಯ ತಲೆಬಿಸಿಯೂ ಕಮ್ಮಿ.

ತಲೆಬಿಸಿ ಇರುವುದು ಜೋಡಿಸುವಲ್ಲಿ. ತುದಿಯಲ್ಲಿ ನಾಲ್ಕು ಕೋರನ್ನು ನಾಲ್ಕು ಮಾಮೂಲಿ ಎಳೆಗೆ ಬಿಡಿಸ್ಲಿಕ್ಕೆ ಫ್ಯಾನ್‌ಔಟ್ ಬೇಕು, ಅದ್ರ ಖರ್ಚು ಬೇರೆ. ಮತ್ತೆ ಸ್ಪ್ಲೈಸ್, ಅಂದ್ರೆ ಎರಡು ಎಳೆಯ ತುದಿಯನ್ನು ಒಂದಕ್ಕೊಂದು ಬೆಸೆಯುವುದು. ಮಾಮೂಲಿ ಎಳೆಯಲ್ಲಿ ಕೋರ್ ನಟ್ಟನಡುವೆ ಇರ್ತದೆ, ಎಳೆ ಹೇಗೆ ತಿರುಗಿದ್ರೂ ಎದುರಿನದ್ದಕ್ಕೆ ಕೂಡ್ತದೆ. ನಾಲ್ಕಿದ್ರೆ ಹಾಗಲ್ಲ, ಎಳೆಯನ್ನು ಅದ್ರ ಅಕ್ಷದಲ್ಲೇ ತಿರುಗಿಸಿ ನಾಲ್ಕೂ ಒಟ್ಟಿಗೆ ಸರಿ ಕೂರಿಸ್ಬೇಕು, ನಮ್ಮ ಕೈಯಲ್ಲಿರುವ ಮೆಷಿನಿಗೆ ಆ ತಿರುಗಿಸುವ ಕೆಲಸ ಬರುವುದಿಲ್ಲ. ಅಷ್ಟೂ ಮಾಡಿ ಕಾಲು ಸುತ್ತು ತಪ್ಪಿದ್ರೆ ಕೋರ್ ನಾಲ್ಕೂ ಚಂದ ಕೂಡ್ತದೆ, ಬೆಳಕಿನ ಲಾಸ್ ಕೂಡ ತೋರಿಸುವುದಿಲ್ಲ, ಆದ್ರೆ ಒಂದನೇದು ಹೋಗಿ ಎರಡನೇದಕ್ಕೆ ಸೇರಿರ್ತದೆ. ಅದು ಗೊತ್ತಾಗ್ಲಿಕ್ಕೆ ಅಂತಲೇ ಗಾಜಿನೊಳಗೆ ಒಂದು ಬದಿಗೆ ಸಣ್ಣ ಚುಕ್ಕೆ ಇಡ್ತಾರೆ, ಸ್ಕ್ರೀನಲ್ಲಿ ಮೊದ್ಲು ಹುಡುಕ್ಬೇಕಾದ್ದು ಆ ಚುಕ್ಕೆಯನ್ನು.