ಗುರಿಯೇ ಇಲ್ಲದವನ ಪಾತ್ರ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಟಾಮ್ ಸ್ಟಾಪರ್ಡ್‌ನ ‘ರೋಸೆನ್‌ಕ್ರಾಂಟ್ಜ್ ಅಂಡ್ ಗಿಲ್ಡೆನ್‌ಸ್ಟರ್ನ್ ಆರ್ ಡೆಡ್’ ನಾಟಕವನ್ನು ಕೈಗೆತ್ತಿಕೊಂಡಿದೆ. ನನ್ನದು ಗಿಲ್ಡೆನ್‌ಸ್ಟರ್ನ್ ಪಾತ್ರ. ಅವನಿಗೆ ಗುರಿಯೇ ಇಲ್ಲ, ಎಲ್ಲದರಲ್ಲೂ ಗೊಂದಲ. ಅಸ್ತಿತ್ವವಾದಿ ನಾಟಕವೆಂದ ಮೇಲೆ ಹಾಗೆಯೇ ಇರಬೇಕು ಎನ್ನುತ್ತಾರೆ ನಮ್ಮ ನಿರ್ದೇಶಕರು. ಗುರಿಯಿಲ್ಲದವನನ್ನು ಅಭಿನಯಿಸುವುದು ಹೇಗೆ ಸರ್? (ಓದುಗರೊಬ್ಬರು, ಶಿರಸಿ)

ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುತ್ತದೆ. ಕಾರವಾರದಿಂದ ಬಂದಾಗ ಅದು ರೋಸೆನ್‌ಕ್ರಾಂಟ್ಜ್‌ನ ಬಗ್ಗೆ ಇರುತ್ತದೆ, ಕುಮಟಾದಿಂದ ಬಂದಾಗ ಬೆಕೆಟ್‌ನ ‘ವೇಟಿಂಗ್ ಫಾರ್ ಗೋಡೋ’ ನಾಟಕದ ಅಲೆಮಾರಿಗಳ ಬಗ್ಗೆ, ಸಿದ್ದಾಪುರದಿಂದ ಬಂದಾಗ ಹೆಸರೇ ಇಲ್ಲದ ಯಾವನೋ ಸೇವಕನ ಬಗ್ಗೆ. ಶಿಬಿರಗಳಲ್ಲಿ ಹೇಳಿದ್ದೇನೆ, ತಾಲೀಮಿನ ನಡುವೆ ಹೇಳಿದ್ದೇನೆ, ನಾಟಕ ಮುಗಿದ ಮೇಲೆ ಬಣ್ಣ ಒರೆಸಿಕೊಳ್ಳುತ್ತಿದ್ದ ಹುಡುಗರಿಗೂ ಹೇಳಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ, ಈ ಸಲ ಪೂರ್ತಿಯಾಗಿ.

ಚಿಕ್ಕ ಉತ್ತರ ಇಷ್ಟೇ. ಗಿಲ್ಡೆನ್‌ಸ್ಟರ್ನ್‌ಗೆ ಗುರಿ ಇದೆ. ಡೆನ್ಮಾರ್ಕಿನ ರಾಜ ಕ್ಲಾಡಿಯಸ್ ಅವನನ್ನೂ ಅವನ ಗೆಳೆಯ ರೋಸೆನ್‌ಕ್ರಾಂಟ್ಜ್‌ನನ್ನೂ ಕರೆಸಿ, ತನ್ನ ಅಣ್ಣನ ಮಗ ಹ್ಯಾಮ್ಲೆಟ್‌ನ ಜೊತೆಗಿದ್ದು ಅವನ ಮನಸ್ಸು ಕೆಟ್ಟದ್ದು ಏಕೆಂದು ತಿಳಿದು ಬನ್ನಿ ಎನ್ನುತ್ತಾನೆ. ಇವರಿಬ್ಬರೂ ಸಣ್ಣ ಪಾತ್ರಗಳಾಗಿ ಬರುವ ಷೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಎರಡನೆಯ ಅಂಕದಲ್ಲಿ ಇದು ಸ್ಪಷ್ಟವಾಗಿದೆ, ಸ್ಟಾಪರ್ಡ್ ಆ ಮಾತುಗಳನ್ನೇ ತನ್ನ ನಾಟಕದೊಳಗೆ ತಂದಿದ್ದಾನೆ. ಕೆಲಸ ಕೊಟ್ಟವನು ಯಾರು, ಕೆಲಸ ಏನು, ಮಾಡಿದರೆ ಏನು ಸಿಗುತ್ತದೆ, ಎಲ್ಲವೂ ತಿಳಿದಿದೆ. ಅವನ ಸಂಕಟವೆಂದರೆ ಆ ಗುರಿ ಇನ್ನೊಬ್ಬನದು.

ಆದರೆ ಚಿಕ್ಕ ಉತ್ತರಕ್ಕೆ ಯಾರೂ ಒಪ್ಪುವುದಿಲ್ಲ. ಅದರ ದಾರಿಗೆ ಅಡ್ಡವಾಗಿ ಒಂದು ಹಳೆಯ ನಂಬಿಕೆ ಕುಳಿತಿದೆ. ಅದು ಹೀಗೆ ಸಾಗುತ್ತದೆ: ಅಸ್ತಿತ್ವವಾದವೆಂದರೆ ಬದುಕಿಗೆ ಅರ್ಥವಿಲ್ಲ ಎನ್ನುವ ಮತ. ಆದ್ದರಿಂದ ಅಂಥ ನಾಟಕಗಳ ಪಾತ್ರಗಳಿಗೆ ಉದ್ದೇಶವಿಲ್ಲ. ಆದ್ದರಿಂದ ನಟರು ಖಾಲಿ ಮುಖ ಹೊತ್ತುಕೊಂಡು ರಂಗದ ಮೇಲೆ ಸುಳಿದಾಡಿದರೆ ಸಾಕು. ಈ ಎರಡು ‘ಆದ್ದರಿಂದ’ಗಳು ಎಷ್ಟು ಒಳ್ಳೆಯ ನಟರನ್ನು ಹಾಳು ಮಾಡಿವೆ ಎಂದು ನೆನೆದರೆ ಬೇಸರವಾಗುತ್ತದೆ.

ಮೊದಲು ಅಸ್ತಿತ್ವವಾದ. 1945ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ತತ್ತ್ವಜ್ಞಾನಿ ಸಾರ್ತ್ರ್ ಕೊಟ್ಟ ಪ್ರಸಿದ್ಧ ಉಪನ್ಯಾಸದಲ್ಲಿ ಕಾಗದ ಕತ್ತರಿಸುವ ಚೂರಿಯ ಉದಾಹರಣೆ ಬರುತ್ತದೆ. ಚೂರಿ ಮಾಡುವವನ ತಲೆಯಲ್ಲಿ ಮೊದಲು ಅದರ ಉಪಯೋಗ ಹುಟ್ಟುತ್ತದೆ, ಆಮೇಲೆ ಚೂರಿ. ಮನುಷ್ಯನದು ತಿರುವುಮುರುವು, ಅವನು ಮೊದಲು ಇರುತ್ತಾನೆ, ಏನಾಗಬೇಕೆಂಬುದನ್ನು ಆಮೇಲೆ ತಾನೇ ಮಾಡಿಕೊಳ್ಳುತ್ತಾನೆ. ಇದರಲ್ಲಿ ‘ಅರ್ಥವಿಲ್ಲ’ ಎಂಬ ಮಾತು ಎಲ್ಲಿದೆ? ಮೊದಲೇ ಬರೆದಿಟ್ಟ ಅರ್ಥವಿಲ್ಲ ಎನ್ನುತ್ತಾನೆ ಅಷ್ಟೆ. ಹೊಣೆಯನ್ನು ಪೂರ್ತಿ ನಮ್ಮ ಹೆಗಲಿಗೇ ಹೊರಿಸುತ್ತಾನೆ. ಇದಕ್ಕಿಂತ ಕೆಲಸ ಹೇಳುವ ತತ್ತ್ವ ನನಗೆ ಗೊತ್ತಿಲ್ಲ.

ಈಗ ನಾಟಕದ ಸಣ್ಣ ಪಾತ್ರವೊಂದನ್ನು ಆ ಚೂರಿಯ ಪಕ್ಕದಲ್ಲಿಟ್ಟು ನೋಡಿ. ಷೇಕ್ಸ್‌ಪಿಯರ್‌ಗೆ ಹ್ಯಾಮ್ಲೆಟ್‌ನ ಮೇಲೆ ಕಣ್ಣಿಡಲು, ಅವನೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಲು ಇಬ್ಬರು ಬೇಕಿತ್ತು. ಆ ಉಪಯೋಗಕ್ಕಾಗಿ ಇವರು ಹುಟ್ಟಿದರು. ಸ್ಟಾಪರ್ಡ್ ಮಾಡಿದ್ದು ಇಷ್ಟು: ಉಪಯೋಗಕ್ಕಾಗಿ ಹುಟ್ಟಿದ ಇಬ್ಬರಿಗೆ ಮನುಷ್ಯರ ಬುದ್ಧಿ, ಭಯ, ನೆನಪಿನ ಚೂರುಗಳನ್ನು ಕೊಟ್ಟು ರಂಗದ ಮೇಲೆ ಬಿಟ್ಟ. ಹ್ಯಾಮ್ಲೆಟ್ ಒಳಗೆ ಬಂದಾಗ ಅವರ ಬಾಯಲ್ಲಿ ಷೇಕ್ಸ್‌ಪಿಯರ್‌ನ ಮಾತು, ಅವನು ಹೊರಟು ಹೋದ ಮೇಲೆ ತಮ್ಮದೇ ಮಾತು. ಗೊಂದಲ ಹುಟ್ಟುವುದು ಈ ಎರಡು ಮಾತುಗಳ ನಡುವಿನ ಸಂದಿಯಲ್ಲಿ.

‘ದಡ್ಡರು ಸರ್’ ಎನ್ನುವವರಿಗೆ ನಾಟಕದ ಆರಂಭವನ್ನು ಮತ್ತೆ ಓದಲು ಹೇಳುತ್ತೇನೆ. ಇಬ್ಬರೂ ನಾಣ್ಯ ಚಿಮ್ಮುತ್ತಿದ್ದಾರೆ. ಹೆಡ್ ಬೀಳುತ್ತದೆ, ಮತ್ತೆ ಹೆಡ್, ಮತ್ತೆ ಹೆಡ್. ಲೆಕ್ಕ 92ಕ್ಕೆ ಹೋಗುತ್ತದೆ. ರೋಸೆನ್‌ಕ್ರಾಂಟ್ಜ್‌ಗೆ ಗೆಳೆಯನ ದುಡ್ಡು ಗೆಲ್ಲುತ್ತಿರುವುದಕ್ಕೆ ಕೊಂಚ ನಾಚಿಕೆ, ಅಷ್ಟೇ. ಗಿಲ್ಡೆನ್‌ಸ್ಟರ್ನ್ ಮಾತ್ರ ಅಲ್ಲಾಡಿ ಹೋಗುತ್ತಾನೆ, ಕಾರಣ ಹುಡುಕುತ್ತಾನೆ. ತನ್ನ ಇಚ್ಛೆಯಿಂದಲೇ ಹೀಗಾಗುತ್ತಿರಬಹುದೇ, ಕಾಲ ನಿಂತಿರಬಹುದೇ, ದೈವದ ಕೈವಾಡವೇ, ಅಥವಾ ಪ್ರತಿ ನಾಣ್ಯಕ್ಕೂ ಎರಡು ಕಡೆ ಬೀಳುವ ಅವಕಾಶ ಸಮ ಎಂಬ ನಿಯಮಕ್ಕೇ ಇದೊಂದು ಸಾಕ್ಷಿಯೇ ಎಂದು ಒಂದೊಂದನ್ನಾಗಿ ಎಣಿಸುತ್ತಾನೆ. ನಾಲ್ಕನೆಯ ಕಾರಣ ಗಣಿತದ ಪ್ರಕಾರ ಸರಿಯಾಗಿಯೇ ಇದೆ. ಇಷ್ಟು ಕಟ್ಟುನಿಟ್ಟಾಗಿ ಯೋಚಿಸುವವನನ್ನು ಖಾಲಿ ಮುಖದಲ್ಲಿ ಹೇಗೆ ಆಡುತ್ತೀರಿ? ಆಮೇಲೆ ಇನ್ನೊಂದು ಸೂಕ್ಷ್ಮ ಇದೆ, ಬಹಳ ತಂಡಗಳು ಇದನ್ನು ಬೆಳಕಿನ ಗಡಿಬಿಡಿಯಲ್ಲಿ ನುಂಗಿಬಿಡುತ್ತವೆ. ಅರಮನೆಯ ದೃಶ್ಯ ಬಂದು ಇವರನ್ನು ಸುತ್ತಿಕೊಳ್ಳುವ ಮುನ್ನ ರೋಸೆನ್‌ಕ್ರಾಂಟ್ಜ್ ಕಾಲಡಿಯ ನಾಣ್ಯವನ್ನು ನೋಡುತ್ತಾನೆ. ಟೇಲ್ ಬಿದ್ದಿದೆ. ಆ ನಾಣ್ಯ ಪ್ರೇಕ್ಷಕರ ಕಿವಿಗೆ ಮುಟ್ಟಲೇಬೇಕು.

ಇನ್ನು ಪ್ರಶ್ನೆಗಳ ಆಟ. ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಪ್ರಶ್ನೆಯಲ್ಲೇ ಉತ್ತರಿಸಬೇಕು, ಹೇಳಿಕೆ ಬಾಯಿಗೆ ಬಂದರೆ ತಪ್ಪು. ಇದನ್ನು ಹಾಸ್ಯಕ್ಕಾಗಿ ಇಟ್ಟಿದ್ದಾನೆಂದು ಹಲವರು ವೇಗವಾಗಿ ಓಡಿಸಿಬಿಡುತ್ತಾರೆ. ಅದು ತನಿಖೆಯ ಅಭ್ಯಾಸ. ಸ್ವಲ್ಪ ಹೊತ್ತಿನಲ್ಲಿ ಗಿಲ್ಡೆನ್‌ಸ್ಟರ್ನ್ ತಾನೇ ಹ್ಯಾಮ್ಲೆಟ್ ಆಗಿ ನಿಲ್ಲುತ್ತಾನೆ, ರೋಸೆನ್‌ಕ್ರಾಂಟ್ಜ್ ಒಂದೊಂದೇ ಕೇಳುತ್ತ ಕಡೆಗೆ ಎಲ್ಲವನ್ನೂ ಕೂಡಿಸುತ್ತಾನೆ: ನಿನ್ನ ಪ್ರೀತಿಯ ಅಪ್ಪ ಸತ್ತ, ಪಟ್ಟ ನಿನಗೆ ಬರಬೇಕಿತ್ತು, ಊರಿಗೆ ಬಂದು ನೋಡಿದರೆ ಚಿಕ್ಕಪ್ಪ ಸಿಂಹಾಸನದ ಮೇಲೂ ಅಮ್ಮನ ಪಕ್ಕದಲ್ಲೂ ಇದ್ದಾನೆ. ಅಷ್ಟನ್ನೂ ಹೇಳಿ ಮುಗಿಸಿ, ‘ಹಾಗಾದರೆ ನೀನು ಹೀಗೆ ವಿಚಿತ್ರವಾಗಿ ಆಡುತ್ತಿರುವುದೇಕೆ?’ ಎನ್ನುತ್ತಾನೆ. ರಾಜ ಕೇಳಿದ ಪ್ರಶ್ನೆಗೆ ಉತ್ತರ ಇವರ ಬಾಯಲ್ಲೇ ಇದೆ! ಹ್ಯಾಮ್ಲೆಟ್‌ನನ್ನು ಮಾತಾಡಿಸುವ ಮೊದಲೇ ಕೆಲಸ ಮುಗಿದಿದೆ. ಆದರೂ ಆ ಉತ್ತರವನ್ನು ಉತ್ತರವೆಂದು ಎತ್ತಿಕೊಳ್ಳುವ ಧೈರ್ಯ ಇಬ್ಬರಿಗೂ ಇಲ್ಲ, ಏಕೆಂದರೆ ಅದನ್ನು ಎತ್ತಿಕೊಂಡರೆ ಕೆಲಸ ಕೊಟ್ಟ ರಾಜನ ಕಡೆಗೇ ಬೆರಳು ತಿರುಗುತ್ತದೆ. ಇದನ್ನು ದಡ್ಡತನವೆನ್ನಲು ನಾನು ಒಪ್ಪುವುದಿಲ್ಲ. ಕಚೇರಿಗಳಲ್ಲಿ, ಸಂಘಗಳ ಸಭೆಗಳಲ್ಲಿ ನಾವೆಲ್ಲ ಇದನ್ನು ಕಂಡಿದ್ದೇವೆ.

ಮೂರನೆಯ ಅಂಕದ ಹಡಗಿಗೆ ಬನ್ನಿ. ಇಂಗ್ಲೆಂಡಿನ ರಾಜನಿಗೆ ಕೊಡಬೇಕಾದ ಪತ್ರ ಇವರ ಬಳಿ ಇದೆ. ಷೇಕ್ಸ್‌ಪಿಯರ್‌ನಲ್ಲಿ ಆ ಪತ್ರದ ಒಳಗುಟ್ಟು ಇವರಿಗೆ ಗೊತ್ತಿತ್ತೋ ಇಲ್ಲವೋ ಎಂಬುದು ತೆರೆದೇ ಉಳಿದಿದೆ. ಸ್ಟಾಪರ್ಡ್ ಅದನ್ನು ಒಡೆಸುತ್ತಾನೆ, ಓದಿಸುತ್ತಾನೆ. ಹ್ಯಾಮ್ಲೆಟ್‌ನ ತಲೆ ತೆಗೆಯಬೇಕು ಎಂದಿದೆ. ರೋಸೆನ್‌ಕ್ರಾಂಟ್ಜ್ ತಡೆದು, ‘ನಾವು ಅವನ ಗೆಳೆಯರಲ್ಲವೇ’ ಎನ್ನುತ್ತಾನೆ. ಆಗ ನಿಮ್ಮ ಗಿಲ್ಡೆನ್‌ಸ್ಟರ್ನ್ ಏನು ಮಾಡುತ್ತಾನೆ? ಸಾವು ಎಲ್ಲರಿಗೂ ಬರುವಂಥದ್ದು, ನಾವು ಸಣ್ಣವರು, ರಾಜರ ವ್ಯವಹಾರದ ಒಳಹೊರಗು ನಮಗೇನು ಗೊತ್ತು ಎಂದು ಒಂದರ ಮೇಲೊಂದು ಸಮಾಧಾನ ಪೇರಿಸುತ್ತಾನೆ. ಪತ್ರ ಮತ್ತೆ ಮುಚ್ಚಿಕೊಳ್ಳುತ್ತದೆ. ರಾತ್ರಿ ಹ್ಯಾಮ್ಲೆಟ್ ಅದನ್ನು ಬದಲಿಸುತ್ತಾನೆ, ಮುಂದೆ ಓದಿದಾಗ ಅದರಲ್ಲಿ ಇವರದೇ ಹೆಸರುಗಳಿರುತ್ತವೆ. ನಾಟಕದ ಎದೆ ಇರುವುದು ಆ ಮೊದಲ ಓದಿನಲ್ಲಿ. ಅಲ್ಲಿ ಒಂದು ಬಾಗಿಲಿತ್ತು, ಅದನ್ನು ಮುಚ್ಚಿದ್ದು ಗಿಲ್ಡೆನ್‌ಸ್ಟರ್ನ್‌ನ ಕೈ. ಕೊನೆಗೆ ಅವನೇ ಹೇಳುತ್ತಾನೆ, ಶುರುವಿನಲ್ಲೆಲ್ಲೋ ‘ಇಲ್ಲ’ ಎನ್ನಬಹುದಾದ ಒಂದು ಗಳಿಗೆ ಇದ್ದಿರಬೇಕು, ಹೇಗೋ ತಪ್ಪಿಹೋಯಿತು ಎಂದು. ಖಾಲಿ ಮುಖದಲ್ಲಿ ಎರಡೂವರೆ ಗಂಟೆ ಸುಳಿದಾಡಿದವನ ಬಾಯಲ್ಲಿ ಈ ಮಾತಿಗೆ ಯಾವ ತೂಕವೂ ಬರುವುದಿಲ್ಲ.

ತಾಳಮದ್ದಳೆ ಕೇಳಿ ಬೆಳೆದ ನಿಮಗೆ ಇದನ್ನು ಸುಲಭವಾಗಿ ತೋರಿಸಬಲ್ಲೆ. ಸಭಾಪರ್ವದ ಪ್ರಾತಿಕಾಮಿಯನ್ನು ನೆನಪಿಸಿಕೊಳ್ಳಿ. ದ್ರೌಪದಿಯನ್ನು ಸಭೆಗೆ ಕರೆತಾ ಎಂದು ದುರ್ಯೋಧನ ಅಟ್ಟಿದ ಆಳು. ಅವನದೂ ಸಣ್ಣ ಪಾತ್ರ, ಅವನ ಗುರಿಯೂ ಇನ್ನೊಬ್ಬನದು. ಹೋಗುತ್ತಾನೆ. ದ್ರೌಪದಿ ಅವನ ಕೈಗೆ ಒಂದು ಪ್ರಶ್ನೆ ಕೊಡುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ, ಕೇಳಿ ಬಾ. ಅವನು ಆ ಪ್ರಶ್ನೆಯನ್ನು ಹೊತ್ತು ತುಂಬಿದ ಸಭೆಗೆ ಮರಳುತ್ತಾನೆ. ಅವಳೇ ಇಲ್ಲಿ ಬಂದು ಕೇಳಲಿ ಎಂದು ಮತ್ತೆ ಅಟ್ಟುತ್ತಾರೆ. ಕೊನೆಗೆ ಅವನು ಸಭೆಯ ಮುಂದೆ ನಿಂತು, ‘ಕೃಷ್ಣೆಗೆ ನಾನು ಏನೆಂದು ಹೇಳಲಿ?’ ಎನ್ನುತ್ತಾನೆ. ಇವನಿಗೆ ಭೀಮನ ಹೆದರಿಕೆ ಎಂದು ದುರ್ಯೋಧನ ದುಃಶಾಸನನನ್ನು ಕಳಿಸುತ್ತಾನೆ. ಪ್ರಾತಿಕಾಮಿ ಕಥೆಯನ್ನು ಬದಲಿಸಲಿಲ್ಲ, ನಿಜ. ಆದರೆ ಅವಳನ್ನು ಎಳೆದು ತಂದ ಕೈ ಅವನದಲ್ಲ. ಗೊಂದಲಕ್ಕೆ ಬಿದ್ದ ಆಳು ತನ್ನ ಗೊಂದಲವನ್ನು ಕೊಟ್ಟವರ ಮುಂದೆಯೇ ತಂದು ಇಟ್ಟ. ಒಳ್ಳೆಯ ಅರ್ಥಧಾರಿ ಸಿಕ್ಕರೆ ಈ ಒಂದು ಪ್ರಶ್ನೆಯ ಮೇಲೆ ಸಭೆ ಉಸಿರು ಹಿಡಿಯುತ್ತದೆ. ಗಿಲ್ಡೆನ್‌ಸ್ಟರ್ನ್ ಆ ಪ್ರಶ್ನೆಯನ್ನು ಕ್ಲಾಡಿಯಸ್‌ಗೆ ಎಂದೂ ಕೇಳುವುದಿಲ್ಲ, ತನ್ನ ಗೆಳೆಯನಿಗೆ ಮಾತ್ರ ಕೇಳುತ್ತಾನೆ.

ಹಾಗಾದರೆ ಅಭಿನಯ ಹೇಗೆ? ಪ್ರತಿ ದೃಶ್ಯದಲ್ಲೂ ನಿಮಗೆ ಕೆಲಸವಿದೆ. ಗೆಳೆಯನನ್ನು ಹತೋಟಿಯಲ್ಲಿಡಬೇಕು, ಘನತೆ ಉಳಿಸಿಕೊಳ್ಳಬೇಕು, ಎಲ್ಲ ಅರ್ಥವಾದವನಂತೆ ಕಾಣಬೇಕು. ರಾಜರಾಣಿಯರು ಇವರಿಬ್ಬರ ಹೆಸರುಗಳನ್ನು ಅದಲುಬದಲು ಮಾಡುವಾಗ ಗೊಂದಲವನ್ನು ತೋರಿಸಲು ಹೋಗಬೇಡಿ. ಯಾರ ಹೆಸರು ಬಂದರೂ ಸರಿಯಾಗಿ ಬಾಗಿ ವಂದಿಸಲು ಪ್ರಯತ್ನಿಸಿ. ಗೊಂದಲ ತಾನಾಗಿ ಕಾಣುತ್ತದೆ. ಹ್ಯಾಮ್ಲೆಟ್‌ನೊಂದಿಗಿನ ಮೊದಲ ಮಾತುಕತೆಯ ನಂತರ ರೋಸೆನ್‌ಕ್ರಾಂಟ್ಜ್ ಅಂಕ ಎಣಿಸುತ್ತಾನಲ್ಲ, 27ಕ್ಕೆ 3 ಎಂದು, ಅಲ್ಲಿ ಸೋತ ಆಟಗಾರರ ಸಿಟ್ಟು ಬೇಕು. ನಿಮ್ಮ ನಿರ್ದೇಶಕರಿಗೂ ಇದನ್ನು ಓದಲು ಕೊಡಿ.

ನೀವು ಕೇಳದಿದ್ದರೂ ಇನ್ನೊಂದು ವಿಷಯ. ಇಂಥ ಪಾತ್ರಗಳನ್ನು ಕಿತ್ತು ಹಾಕಿದರೆ ಏನಾಗುತ್ತದೆ? ಲಾರೆನ್ಸ್ ಒಲಿವಿಯರ್ ತನ್ನ 1948ರ ‘ಹ್ಯಾಮ್ಲೆಟ್’ ಚಲನಚಿತ್ರದಲ್ಲಿ ಈ ಇಬ್ಬರನ್ನೂ ಪೂರ್ತಿ ತೆಗೆದುಬಿಟ್ಟಿದ್ದ. ಸ್ಟಾಪರ್ಡ್‌ನ ನಾಟಕ 1966ರಲ್ಲಿ ಎಡಿನ್‌ಬರೋದಲ್ಲಿ ಮೊದಲು ಕಂಡು, 1967ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ಗೆ ಬಂದಾಗ ಆ ಸಂಸ್ಥೆಯ ಮುಖ್ಯಸ್ಥನೂ ಅದೇ ಒಲಿವಿಯರ್. ಬಿಟ್ಟುಹೋದವರು ಅವನ ಮನೆಗೇ ಬಂದು ಪೂರ್ತಿ ರಂಗ ಹಿಡಿದರು.

ನಮ್ಮ ಕರಾವಳಿಯಲ್ಲೂ ಒಂದು ನಾಟಕ ಈ ದೃಷ್ಟಿಯಿಂದ ಓದಿಗೆ ಕಾದಿದೆ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಅವರ ಮನೆಯಲ್ಲಿ ಉಳಿದಿದ್ದ ರವೀಂದ್ರನಾಥ ಟಾಗೋರರು ‘ಪ್ರಕೃತಿರ್ ಪ್ರತಿಶೋಧ್’ ಬರೆದರು. ಅದರ ಕೆಲವು ಹಾಡುಗಳನ್ನು ಕಾರವಾರದಿಂದ ಮರಳುವಾಗ ಹಡಗಿನಲ್ಲಿ ಕಟ್ಟಿದರು. ಕಡಲತೀರಕ್ಕೆ ಅವರ ಹೆಸರಿಟ್ಟು ಸಂಜೆ ಅಲ್ಲಿ ಓಡಾಡುವ ನಾವು ಆ ನಾಟಕವನ್ನು ಮಾತ್ರ ಕೈಗೆತ್ತಿಕೊಳ್ಳುವುದು ಅಪರೂಪ. ಎಲ್ಲ ಬಂಧನ ಹರಿದೆನೆಂದು ನಂಬಿದ ಸನ್ಯಾಸಿ, ಅವನನ್ನು ಅಪ್ಪನೆಂದು ನೆಚ್ಚಿದ ಅನಾಥ ಹುಡುಗಿ, ಇದು ಕಥೆ. ಇವರಿಬ್ಬರ ನಡುವೆ ದಾರಿಹೋಕರು, ಹಳ್ಳಿಗರು ತಮ್ಮ ತಮ್ಮ ಮಾತಾಡಿಕೊಂಡು ಹಾದುಹೋಗುತ್ತಾರೆ. ಸನ್ಯಾಸಿಯ ಕಣ್ಣಿಗೆ ಅವರು ಗೊತ್ತುಗುರಿಯಿಲ್ಲದೆ ಅಲೆಯುವ ಜನ. ನಾಟಕ ಮುಗಿಯುವ ಹೊತ್ತಿಗೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುವವನು ಅವನೇ. ಟಾಗೋರರ ಇಂಗ್ಲಿಷ್ ರೂಪ 1917ರಲ್ಲಿ ‘ಸನ್ಯಾಸಿ’ ಎಂಬ ಹೆಸರಿನಲ್ಲಿ ಪ್ರಕಟವಾಗಿದೆ, ಅಲ್ಲಿಂದ ಶುರು ಮಾಡಬಹುದು. ನಿಮ್ಮ ತಂಡ ಮುಂದಿನ ವರ್ಷ ಅದನ್ನು ಎತ್ತಿಕೊಳ್ಳುವುದಾದರೆ, ಸನ್ಯಾಸಿಗೆ ನಟನನ್ನು ಹುಡುಕುವ ಮೊದಲು ಆ ದಾರಿಹೋಕರಿಗೆ ಒಳ್ಳೆಯ ನಟರನ್ನು ಆರಿಸಿ, ಒಬ್ಬೊಬ್ಬನೂ ಎಲ್ಲಿಂದ ಹೊರಟು ಯಾವ ಕೆಲಸಕ್ಕೆ ಹೋಗುತ್ತಿದ್ದಾನೆ ಎಂಬುದನ್ನು ತಾಲೀಮಿನ ಮೊದಲ ವಾರದಲ್ಲೇ ತೀರ್ಮಾನಿಸಿಕೊಳ್ಳಿ.