ಒಂದೇ ಸಲ ಒತ್ತಿದ್ದು, ಮೂರು ಎಣಿಸಿತು

"ನಾನು ಒಂದೇ ಸಲ ಒತ್ತಿದ್ದು ಮಿಸ್, ಇದು ಮೂರು ಅಂತಿದೆ!"

11 ವರ್ಷದ ಹುಡುಗಿ. ಮುಂದೆ ಒಂದು ಆರ್ಡುಯಿನೊ, ಅಂದರೆ ನಾವು ಬರೆದ ಪ್ರೋಗ್ರಾಂ ಓಡಿಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್. ಪಕ್ಕದಲ್ಲಿ ಬ್ರೆಡ್‌ಬೋರ್ಡ್, ಅಂದರೆ ಬೆಸುಗೆಯಿಲ್ಲದೆ ಭಾಗಗಳನ್ನು ಚುಚ್ಚಿ ಜೋಡಿಸುವ ತೂತುಗಳ ಹಲಗೆ, ಅದರ ಮೇಲೆ ಒಂದು ಚಿಕ್ಕ ಬಟನ್. ಬಟನ್ ಎಷ್ಟು ಸಲ ಒತ್ತಿದೆವು ಅಂತ ಎಣಿಸುವ ಪ್ರೋಗ್ರಾಂ ಬರೆದಿದ್ದಳು. ಕೋಡ್ ಸರಿಯಿತ್ತು, ವೈರೂ ಸರಿಯಿತ್ತು. ಎಣಿಕೆ ಮಾತ್ರ ತಪ್ಪು.

ಇಂಥ ಹೊತ್ತಿನಲ್ಲಿ ಪಕ್ಕದಲ್ಲಿರುವ ದೊಡ್ಡವರ ಕೈ ತಾನಾಗಿಯೇ ಮುಂದೆ ಬರುತ್ತದೆ. ನನ್ನದೂ ಬರುತ್ತದೆ. ಅದಕ್ಕೇ ನಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ರೂಢಿ ಮಾಡಿಕೊಂಡಿದ್ದೇನೆ. "20 ಸಲ ಒತ್ತು, ಪ್ರತಿ ಸಲ ಎಷ್ಟು ಬಂತು ಬರೆದುಕೋ" ಅಂದೆ, ಅಷ್ಟೇ. ಒಮ್ಮೆ 1, ಒಮ್ಮೆ 2, ಒಮ್ಮೆ 4. ಮೆಲ್ಲಗೆ ಒತ್ತಿ ನೋಡಿದಳು. ಬಟನ್ ಬದಲಾಯಿಸಿದಳು. ಅದೂ ಹಾಗೇ.

ಆಮೇಲೆ ಕಾರಣ ಹೇಳಿದೆ. ಬಟನ್ ಒಳಗಿರುವುದು ಒಂದು ತೆಳು ಲೋಹದ ತಗಡು. ಒತ್ತಿದಾಗ ಅದು ನೆಲಕ್ಕೆ ಬಿದ್ದ ಚೆಂಡಿನ ಹಾಗೆ ಒಂದೆರಡು ಸಲ ಪುಟಿದು ನಿಲ್ಲುತ್ತದೆ. ಎಲ್ಲ ಮುಗಿಯಲು ಕೆಲವು ಮಿಲಿಸೆಕೆಂಡ್ ಸಾಕು, ನಮಗೆ ಗೊತ್ತೇ ಆಗುವುದಿಲ್ಲ. ಆದರೆ ಬೋರ್ಡ್ ಸೆಕೆಂಡಿಗೆ ಸಾವಿರಾರು ಸಲ ಬಟನ್ ಕಡೆ ನೋಡುತ್ತಿರುತ್ತದೆ. ಅದರ ಲೆಕ್ಕದಲ್ಲಿ ನೀವು ಒತ್ತಿ, ಬಿಟ್ಟು, ಮತ್ತೆ ಒತ್ತಿದ್ದೀರಿ.

"ಹಾಗಾದ್ರೆ ಒಂದು ಸಲ ನೋಡಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿರೋಕೆ ಹೇಳ್ಲಾ?" ಅಂತ ಅವಳೇ ಕೇಳಿದಳು. ಮೊದಲು 1000 ಮಿಲಿಸೆಕೆಂಡ್ ಕೊಟ್ಟಳು. ಎಣಿಕೆ ಸರಿಯಾಯಿತು, ಆದರೆ ಬೇಗ ಬೇಗ ಒತ್ತಿದರೆ ಕೆಲವು ತಪ್ಪಿಹೋದವು. 500ಕ್ಕೆ ಇಳಿಸಿದಳು, 200, 50. ಒಂದಕ್ಕೆ ಇಳಿಸಿದಾಗ ಹಳೇ ಕಥೆ. ವಾಪಸ್ 50ಕ್ಕೆ ಹೋದಳು. ಈ ಏರಿಳಿತಕ್ಕೆ ಅರ್ಧ ಗಂಟೆ ಹಿಡಿಯಿತು. ನಾನೇ 50 ಅಂತ ಹೇಳಿಬಿಟ್ಟಿದ್ದರೆ ಅರ್ಧ ನಿಮಿಷ.

ಯಾವ ಕಿಟ್ ತೆಗೆದುಕೊಳ್ಳಬೇಕು ಅಂತ ಪೋಷಕರು ಕೇಳುತ್ತಾರೆ. ಹತ್ತಾರು ಸೆನ್ಸರ್ ತುಂಬಿದ ದೊಡ್ಡ ಡಬ್ಬ ಬೇಡ. ಮಗು ಒಂದೊಂದನ್ನೂ ಒಮ್ಮೆ ಜೋಡಿಸಿ ಪಕ್ಕಕ್ಕಿಡುತ್ತದೆ. ನಾಲ್ಕು ಎಲ್‌ಇಡಿ, ಕರೆಂಟ್ ತಗ್ಗಿಸುವ ಒಂದಷ್ಟು ರೆಸಿಸ್ಟರ್, ಎರಡು ಬಟನ್, ಒಂದು ಬಜರ್, ಜಂಪರ್ ವೈರ್, ಬ್ರೆಡ್‌ಬೋರ್ಡ್ ಇಷ್ಟಿದ್ದರೆ ತಿಂಗಳುಗಟ್ಟಲೆ ಆಡಬಹುದು. ಇದರ ಜೊತೆ ವೋಲ್ಟ್, ಕರೆಂಟ್ ಅಳೆಯುವ ಒಂದು ಸಾದಾ ಮಲ್ಟಿಮೀಟರ್ ಕೊಡಿಸಿ. ತಂತಿ ಕೂಡಿದ್ದರೆ 'ಬೀಪ್' ಅನ್ನುತ್ತದಲ್ಲ, ಆ ಸೆಟ್ಟಿಂಗ್ ಮಕ್ಕಳಿಗೆ ಬಲು ಇಷ್ಟ.

ಶುರುವಿಗೆ ಕಂಪ್ಯೂಟರೇ ಬೇಡ. 3 ವೋಲ್ಟಿನ ಕಾಯಿನ್ ಸೆಲ್ಲಿನ ಎರಡು ಬದಿಗೆ ಎಲ್‌ಇಡಿಯ ಎರಡು ಕಾಲು ಒತ್ತಿ ಹಿಡಿಯಲಿ. ಉದ್ದ ಕಾಲು ಪ್ಲಸ್ ಕಡೆ. ತಿರುಗಿಸಿದರೆ ಹತ್ತುವುದಿಲ್ಲ, ಏನೂ ಹಾಳಾಗುವುದೂ ಇಲ್ಲ. ಒಂದು ಎಚ್ಚರಿಕೆ: ಈ ಸೆಲ್ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು.

ಬೋರ್ಡಿನ 5 ವೋಲ್ಟಿಗೆ ಹೋದಾಗ ರೆಸಿಸ್ಟರ್ ಬೇಕೇ ಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದದ್ದು 3. ಅದನ್ನು 220 ಓಮ್‌ನಿಂದ ಭಾಗಿಸಿದರೆ ಹೆಚ್ಚುಕಡಿಮೆ 14 ಮಿಲಿಆಂಪ್. ವೋಲ್ಟನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ ಅನ್ನುವುದೇ ಓಮ್ ನಿಯಮ. ಅದನ್ನು ನಾನು ಈ ಲೆಕ್ಕಕ್ಕಿಂತ ಮೊದಲು ಹೇಳಿಕೊಡುವುದಿಲ್ಲ.

ನನ್ನ ತರಗತಿಯಲ್ಲಿ ಅತಿ ಜಾಸ್ತಿ ಆಗುವ ತಪ್ಪು ಅಂದರೆ, ಎಲ್‌ಇಡಿಯ ಎರಡೂ ಕಾಲನ್ನು ಬ್ರೆಡ್‌ಬೋರ್ಡಿನ ಒಂದೇ ಸಾಲಿಗೆ ಚುಚ್ಚುವುದು. ಒಂದು ಸಾಲಿನ ಐದು ತೂತು ಒಳಗೊಳಗೇ ಕೂಡಿರುತ್ತವೆ, ಹಾಗಾಗಿ ದೀಪ ಹತ್ತುವುದಿಲ್ಲ. ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. ಈಗ ಹಳೇ ಬ್ರೆಡ್‌ಬೋರ್ಡ್ ಒಂದರ ಹಿಂದಿನ ಅಂಟುಹಾಳೆ ಕಿತ್ತು ಇಟ್ಟಿದ್ದೇನೆ. ಒಳಗಿನ ಲೋಹದ ಪಟ್ಟಿ ಕಣ್ಣಿಗೆ ಬಿದ್ದ ಮೇಲೆ ಪ್ರಶ್ನೆಯೇ ಬರುವುದಿಲ್ಲ.

ಕೋಡ್ ವಿಷಯಕ್ಕೆ ಬಂದರೆ, 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಹುಟ್ಟಿದ ಆರ್ಡುಯಿನೊ ಡಿಸೈನ್ ಕಾಲೇಜಿನ ವಿದ್ಯಾರ್ಥಿಗಳಿಗೆಂದು ಮಾಡಿದ್ದು. ಹಾಗಾಗಿ ಕೋಡ್ ತಪ್ಪಿದಾಗ ಅದು ಪರದೆಯ ಮೇಲೆ ಹೇಳುವ ದೂರುಗಳೂ ದೊಡ್ಡವರ ಭಾಷೆಯಲ್ಲೇ ಇರುತ್ತವೆ. ಸಾಲಿನ ಕೊನೆಗೆ ಹಾಕಬೇಕಾದ ಸೆಮಿಕೋಲನ್ (;) ಬಿಟ್ಟದ್ದು ನಾಲ್ಕನೇ ಸಾಲಿನಲ್ಲಿ, ಅದು ಬೆರಳು ತೋರಿಸುವುದು ಐದನೇ ಸಾಲಿಗೆ. "ಮೇಲಿನ ಸಾಲೂ ನೋಡು" ಅಂತ ಒಮ್ಮೆ ಹೇಳಿಕೊಟ್ಟರೆ ಅರ್ಧ ಅಳು ನಿಲ್ಲುತ್ತದೆ. ಹತ್ತು ವರ್ಷದ ಒಳಗಿನವರಿಗೆ ನಾನು ಮೈಕ್ರೋಬಿಟ್ ಅನ್ನುವ ಇನ್ನೊಂದು ಪುಟ್ಟ ಬೋರ್ಡ್ ಕೊಡುತ್ತೇನೆ. ಅದು 2016ರಲ್ಲಿ ಬ್ರಿಟನ್ನಿನ ಶಾಲಾ ಮಕ್ಕಳಿಗೆಂದೇ ಬಂದದ್ದು. 25 ಪುಟ್ಟ ದೀಪ, ಎರಡು ಬಟನ್ ಬೋರ್ಡಿನಲ್ಲೇ ಇವೆ. ಕಂಪ್ಯೂಟರ್ ಪರದೆಯ ಮೇಲೆ ಬ್ಲಾಕ್ ಎಳೆದು ಜೋಡಿಸಿದರೆ ಪ್ರೋಗ್ರಾಂ ರೆಡಿ. ವೈರಿನ ತಪ್ಪು, ಕೋಡಿನ ತಪ್ಪು ಎರಡೂ ಒಂದೇ ದಿನ ಮೈಮೇಲೆ ಬೀಳುವುದಿಲ್ಲ.

ಎರಡೂ ಕೂಡಿದ ದಿನ ಏನು ಮಾಡಬೇಕು? ಅರ್ಧ ಮಾಡಿ ನೋಡಬೇಕು. ಎಲ್ಲ ವೈರ್ ಕಿತ್ತು, ಬೋರ್ಡಿನಲ್ಲೇ ಇರುವ ದೀಪವನ್ನು ಮಿಣುಕಿಸುವ ಪ್ರೋಗ್ರಾಂ ಹಾಕಿ. ಮಿಣುಕಿದರೆ ಬೋರ್ಡ್, ಕೇಬಲ್ ಚೆನ್ನಾಗಿವೆ, ಹುಡುಕಬೇಕಾದದ್ದು ಉಳಿದ ಅರ್ಧದಲ್ಲಿ. ಪ್ರೋಗ್ರಾಂ ಬೋರ್ಡಿಗೆ ಇಳಿಯುವುದೇ ಇಲ್ಲ ಅಂದರೆ ಮೊದಲು ಯುಎಸ್‌ಬಿ ಕೇಬಲ್ ಬದಲಾಯಿಸಿ. ಬರೀ ಚಾರ್ಜಿಂಗ್‌ಗೆ ಆಗುವ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಇದು ಗೊತ್ತಾಗುವ ಮೊದಲು ನಾನು ಒಂದಿಡೀ ಮಧ್ಯಾಹ್ನ ಕಳೆದಿದ್ದೇನೆ.

ಬಟನ್ ಹುಡುಗಿ ಮುಂದಿನ ವಾರ ಬಂದವಳೇ ಕೇಳಿದಳು, "ಕೀಬೋರ್ಡ್ ಕೀ ಕೂಡ ಹೀಗೇ ಪುಟಿಯುತ್ತಾ ಮಿಸ್? ಮತ್ತೆ ಒಂದು ಸಲ ಒತ್ತಿದ್ರೆ ಒಂದೇ ಅಕ್ಷರ ಯಾಕೆ ಬರತ್ತೆ?" ಪುಟಿಯುತ್ತದೆ, ಅದರೊಳಗಿನ ಚಿಪ್ ಕೂಡ ಸ್ವಲ್ಪ ಕಾಯುತ್ತದೆ ಅಂದೆ. ಬೀರುವಿನಲ್ಲಿ ಕೆಟ್ಟುಹೋದ ಒಂದು ಕೀಬೋರ್ಡ್ ಇತ್ತು. ನಾನು ಅದನ್ನು ತೆಗೆಯುವಷ್ಟರಲ್ಲಿ ಅವಳು ಸ್ಕ್ರೂಡ್ರೈವರ್ ಹುಡುಕಿಕೊಂಡು ನಿಂತಿದ್ದಳು.